5.2 ಸೆಕೆಂಡಿಗೆ ಒಂದು ಸುತ್ತು

ನನ್ನ ಕಂಟ್ರೋಲ್ ಲೈನ್ ಮಾದರಿ ವಿಮಾನದ ಪ್ರೊಪೆಲ್ಲರ್ ನಿಮಿಷಕ್ಕೆ ಎಷ್ಟು ಸುತ್ತುತ್ತದೆ ಅಂತ ಅಳೆಯುವ ಟ್ಯಾಕೋಮೀಟರ್ 8,740 ತೋರಿಸುತ್ತಿತ್ತು. ಮೋಟರಿನ ವೇಗ ನಿಯಂತ್ರಿಸುವ ಇಎಸ್‌ಸಿಯಲ್ಲಿ ನಾನು ಹಾಕಿದ್ದು 10,200. ಪುಣೆ ಪಕ್ಕದ ನಿಗಡಿಯ ನಮ್ಮ ಮನೆಯ ಟೆರೇಸ್ ಮೇಲೆ, ವಿಮಾನದ ಬಾಲವನ್ನು ನೀರಿನ ಟ್ಯಾಂಕಿನ ಕಂಬಕ್ಕೆ ಬಿಗಿಯಾಗಿ ಕಟ್ಟಿ ಅಳೆಯುತ್ತಿದ್ದೆ. ಮೂರು ಸಲ ಅಳೆದರೂ ಅಷ್ಟೇ ಬಂತು. ಟ್ಯಾಕೋಮೀಟರ್ ಕೆಟ್ಟಿರಬೇಕು ಅಂದುಕೊಂಡು ಕೆಳಗೆ ತಂದು, ಅಡುಗೆಮನೆಯ ಹಳೇ ಚೋಕ್ ಇರುವ ಟ್ಯೂಬ್‌ಲೈಟಿಗೆ ಹಿಡಿದೆ. ನಮ್ಮ ಕರೆಂಟು 50 ಹರ್ಟ್ಜ್. ಟ್ಯೂಬ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಪ್ರತಿ ಮಿನುಗನ್ನೂ ಟ್ಯಾಕೋಮೀಟರ್ ಒಂದು ಬ್ಲೇಡು ದಾಟಿದಂತೆ ಎಣಿಸುತ್ತದೆ. ಎರಡು ಬ್ಲೇಡಿನ ಲೆಕ್ಕದಲ್ಲಿ ಅದು ನಿಮಿಷಕ್ಕೆ 3,000 ಸುತ್ತು. ಟ್ಯಾಕೋಮೀಟರ್ ಸರಿಯಾಗಿ 3,000 ತೋರಿಸಿತು. ಅಂದರೆ ತಪ್ಪು ಬೇರೆ ಕಡೆ ಇತ್ತು.

ಟಾರ್ಚ್ ಹಿಡಿದು ಮೋಟರಿನೊಳಗೆ ಎಣಿಸಿದೆ. ತಂತಿ ಸುತ್ತಿದ ಹಲ್ಲುಗಳು 12, ಮ್ಯಾಗ್ನೆಟ್ಟುಗಳು 14. ನಾನು ಹಲ್ಲು ಎಣಿಸಿ, ಇಎಸ್‌ಸಿಯ ಮೆನು ಮ್ಯಾಗ್ನೆಟ್ ಸಂಖ್ಯೆ ಕೇಳಿದ ಜಾಗದಲ್ಲಿ 12 ಹಾಕಿದ್ದೆ. ಇಎಸ್‌ಸಿಗೆ ಪ್ರೊಪೆಲ್ಲರ್ ಕಾಣುವುದಿಲ್ಲ. ಅದು ಎಣಿಸುವುದು ಮ್ಯಾಗ್ನೆಟ್ಟುಗಳ ಜೋಡಿಗಳನ್ನು. 7 ಜೋಡಿ ದಾಟಬೇಕಾದ ಕಡೆ 6ಕ್ಕೇ ಒಂದು ಸುತ್ತು ಮುಗಿಯಿತು ಅಂತ ಲೆಕ್ಕ ಹಾಕಿದರೆ 10,200 ಹೋಗಿ 8,740 ಆಗುತ್ತದೆ. ಹೊಸಬರು ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ: ಮ್ಯಾಗ್ನೆಟ್ ಎಣಿಸಿ.

ಕಂಟ್ರೋಲ್ ಲೈನ್ ವಿಮಾನಕ್ಕೆ ರೇಡಿಯೋ ಇಲ್ಲ. ಎರಡು ಸಣ್ಣ ಉಕ್ಕಿನ ತಂತಿ, ಕೈಯಲ್ಲಿ ಒಂದು ಹ್ಯಾಂಡಲ್. ನಾವು ನಡುವೆ ನಿಂತು ತಿರುಗುತ್ತೇವೆ, ಅದು ನಮ್ಮ ಸುತ್ತ ಹಾರುತ್ತದೆ. ಬೆಂಗಳೂರಿನಲ್ಲಿ ಓದುವಾಗ ಎನ್‌ಸಿಸಿ ಏರ್‌ವಿಂಗ್‌ನಲ್ಲಿ ಇದರ ಹುಚ್ಚು ಹಿಡಿಯಿತು. ಆಗ ಪುಟ್ಟ ಡೀಸೆಲ್ ಎಂಜಿನ್. ಈಥರ್, ಸೀಮೆಎಣ್ಣೆ, ಹರಳೆಣ್ಣೆ ಬೆರೆಸಿದ ಇಂಧನ. ಆ ವಾಸನೆ ಎರಡು ದಿನ ಕೈ ಬಿಡುತ್ತಿರಲಿಲ್ಲ. ಈಗ ಚಾಕಣದ ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ಕೆಲಸ, ಭಾನುವಾರ ಬೆಳಿಗ್ಗೆ ಎಲೆಕ್ಟ್ರಿಕ್ ವಿಮಾನ. ನನ್ನದು ಒಂದೂವರೆ ಕಿಲೋ ತೂಗುತ್ತದೆ. 880 ಕೆವಿ (ಹೊರೆ ಇಲ್ಲದಾಗ ಪ್ರತಿ ವೋಲ್ಟಿಗೆ ನಿಮಿಷಕ್ಕೆ 880 ಸುತ್ತು) ಮೋಟರ್, 11×5.5 ಇಂಚಿನ ಪ್ರೊಪೆಲ್ಲರ್, 60 ಆಂಪ್ಸ್ ಇಎಸ್‌ಸಿ. ಐದೂವರೆ ನಿಮಿಷಕ್ಕೆ ಮೋಟರ್ ನಿಲ್ಲಿಸುವ ಟೈಮರ್ ಒಂದಿದೆ. ಗಾಳಿಯಲ್ಲಿದ್ದಾಗ ನಮ್ಮ ಕೈಯಲ್ಲಿ ಥ್ರಾಟಲ್ ಇರುವುದಿಲ್ಲ. ಹಾಗಾಗಿ ಸೆಟ್ಟಿಂಗ್ ಎಲ್ಲ ನೆಲದ ಮೇಲೇ ಮುಗಿಯಬೇಕು.

ಇಎಸ್‌ಸಿಯಲ್ಲಿ ಮಾದರಿ ಹೆಲಿಕಾಪ್ಟರಿಗೆಂದು ಕೊಡುವ ಗವರ್ನರ್ ಮೋಡ್ ನಮಗೆ ಬೇಕಾದದ್ದು. ವಿಮಾನ ಮೇಲೇರಲಿ, ಇಳಿಯಲಿ, ಪ್ರೊಪೆಲ್ಲರಿನ ಸುತ್ತು ಒಂದೇ ಇರಬೇಕು. ಸಾದಾ ಮೋಡ್‌ನಲ್ಲಿ ಬ್ಯಾಟರಿ ಇಳಿದಂತೆ ವೇಗವೂ ಇಳಿಯುತ್ತದೆ. ಹಾರಾಟದ ಕೊನೆಯಲ್ಲೇ ತಲೆಯ ಮೇಲೆ ಎಂಟರ ಆಕಾರ, ನಾಲ್ಕೆಲೆಯ ಕ್ಲೋವರ್ ಆಕಾರ ಬರೆಯುವಂಥ ಕಷ್ಟದ ಆಟಗಳು ಬರುತ್ತವೆ.

ನನಗೆ ಪೆಟ್ಟು ಬಿದ್ದದ್ದೂ ಅಲ್ಲೇ. ಡಿಸೆಂಬರಿನ ಒಂದು ಬೆಳಿಗ್ಗೆ, ಮೈದಾನದ ಹುಲ್ಲೆಲ್ಲ ಇಬ್ಬನಿ. ಕ್ಲೋವರ್‌ನಲ್ಲಿ ವಿಮಾನ ನೆತ್ತಿಯ ಮೇಲೆ ಬಂತು. ಸ್ಟಾಪ್‌ವಾಚ್ ಹಿಡಿದು ನಿಂತಿದ್ದ ಅಕ್ಕನ ಮಗ ಕೂಗಿದ: "ಮಾಮಾ, ಸೌಂಡ್ ಇಳೀತು ನೋಡ್ರಿ!" ನನ್ನ ಬೆರಳಿಗೂ ಅದೇ ಹೊತ್ತಿಗೆ ಗೊತ್ತಾಯಿತು. ತಂತಿಯ ಎಳೆತ ಸತ್ತು ಹ್ಯಾಂಡಲ್ ಹಗುರವಾಗಿತ್ತು. ಹಿಂದಕ್ಕೆ ನಾಲ್ಕು ಹೆಜ್ಜೆ ಓಡಿದೆ. ಎಳೆತ ಮರಳಿ ಬಂತು, ವಿಮಾನ ಉಳಿಯಿತು. ಇಳಿದ ರಭಸಕ್ಕೆ ಚಕ್ರದ ಕಂಬಿ ಮಾತ್ರ ಬಾಗಿತು.

ಮೊದಲು ಗೇನ್, ಅಂದರೆ ಸುತ್ತು ತಪ್ಪಿದಾಗ ಗವರ್ನರ್ ಎಷ್ಟು ಜೋರಾಗಿ ತಿದ್ದಬೇಕು ಅನ್ನುವ ಸೆಟ್ಟಿಂಗ್, ಕಡಿಮೆಯಾಯಿತೇನೋ ಅಂತ ಅದನ್ನೇ ತಿರುಗಿಸುತ್ತ ಎರಡು ಭಾನುವಾರ ಕಳೆದೆ. ಪ್ರಯೋಜನ ಆಗಲಿಲ್ಲ. ಆಮೇಲೆ ಹೊಳೆದು, ಹಾರಿಸಿ ಇಳಿಸಿದ ಬ್ಯಾಟರಿಯನ್ನೇ ಟೆರೇಸಿಗೆ ಒಯ್ದೆ. ಗವರ್ನರ್ ತೆಗೆದು ಸಾದಾ ಮೋಡ್‌ಗೆ ಹಾಕಿದೆ. ವಿಮಾನ ಕಟ್ಟಿ, ಪ್ರೊಪೆಲ್ಲರಿನ ಸಾಲಿನಲ್ಲಿ ಯಾರೂ ನಿಲ್ಲದಂತೆ ನೋಡಿಕೊಂಡು, ಮೂರೇ ಸೆಕೆಂಡ್ ಪೂರ್ತಿ ಥ್ರಾಟಲ್ ಕೊಟ್ಟೆ. 9,980 ಬಂತು. ಪೂರ್ತಿ ಬಲ ಹಾಕಿದರೂ 9,980 ದಾಟದ ಮೋಟರಿನಿಂದ ನಾನು 10,200 ಕೇಳುತ್ತಿದ್ದೆ! ಗವರ್ನರ್ ಬಲ ಹುಟ್ಟಿಸುವುದಿಲ್ಲ. ಇರುವ ಬಲದಲ್ಲಿ ಒಂದಿಷ್ಟು ಬಿಗಿಹಿಡಿದು, ಬೇಕಾದಾಗ ಬಿಡುತ್ತದೆ. ಮೇಲೆ ಜಾಗವೇ ಇಲ್ಲದಿದ್ದರೆ ಬಿಡಲು ಏನೂ ಉಳಿದಿರುವುದಿಲ್ಲ. ಚಳಿಗೆ ಬ್ಯಾಟರಿ ವೋಲ್ಟೇಜ್ ಬೇಗ ಕುಸಿಯುತ್ತದೆ. ಅದಕ್ಕೇ ಡಿಸೆಂಬರಿನಲ್ಲಿ ಬಯಲಾಯಿತು.

ಮೋಟರಿನ ಸುರುಳಿಗಳಿಗೆ ಇಎಸ್‌ಸಿ ಕರೆಂಟನ್ನು ಎಷ್ಟು ಮುಂಚೆ ಕೊಡಬೇಕು ಅನ್ನುವ ಟೈಮಿಂಗ್ ಏರಿಸಿ ನೋಡಿದೆ. ಸುತ್ತು ಒಂಚೂರು ಏರಿತು, ಇಎಸ್‌ಸಿ ಮುಟ್ಟಲಾರದಷ್ಟು ಬಿಸಿಯಾಯಿತು. ವಾಪಸ್ ಮಧ್ಯಮಕ್ಕೇ ತಂದೆ. ಪಿಚ್, ಅಂದರೆ ಒಂದು ಸುತ್ತಿನಲ್ಲಿ ಮುಂದೆ ಸಾಗುವ ದೂರ, ಜಾಸ್ತಿ ಇರುವ ಪ್ರೊಪೆಲ್ಲರ್ ಹಾಕಿ ಸುತ್ತು ಇಳಿಸುವ ದಾರಿಯೂ ಇದೆ. ಆದರೆ ಪಿಚ್ ಏರಿದಷ್ಟೂ ವಿಮಾನ ಕೆಳಮುಖವಾದಾಗ ಓಡಿಬಿಡುತ್ತದೆ. ಕಡಿಮೆ ಪಿಚ್ ಬ್ರೇಕ್ ಹಿಡಿದ ಹಾಗೆ ತಡೆಯುತ್ತದೆ, ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಕೊನೆಗೆ 4 ಸೆಲ್‌ನ 2,600 ಎಂಎಎಚ್ ಬ್ಯಾಟರಿ ಬಿಟ್ಟು 5 ಸೆಲ್‌ನ, ಅಂದರೆ ಹೆಚ್ಚು ವೋಲ್ಟೇಜಿನ, 2,100ಕ್ಕೆ ಬಂದೆ. ಇಎಸ್‌ಸಿ 5 ಸೆಲ್ ತಾಳುತ್ತದೆ ಅಂತ ಮೊದಲೇ ಖಚಿತ ಮಾಡಿಕೊಂಡಿದ್ದೆ. ತೂಕ ಹೆಚ್ಚುಕಡಿಮೆ ಅಷ್ಟೇ. ಇಳಿದ ಬ್ಯಾಟರಿಯಲ್ಲಿ ಪೂರ್ತಿ ಥ್ರಾಟಲ್‌ಗೆ 11,900 ಬಂತು. 10,200ರ ಮೇಲೆ ಸುಮಾರು 17 ಪರ್ಸೆಂಟ್ ಜಾಗ. ಶೇಕಡಾ 10ಕ್ಕಿಂತ ಕಡಿಮೆ ಇದ್ದರೆ ನಾನು ಹಾರಿಸುವುದೇ ಇಲ್ಲ.

ಗೇನ್ ಹಾಕುವುದು ಇದಾದ ಮೇಲೆ. ಕಾರ್ಖಾನೆಯಲ್ಲಿ ಕನ್ವೇಯರ್ ಡ್ರೈವ್‌ಗಳಿಗೆ ದಿನಾ ಮಾಡುವ ಕೆಲಸವೇ ಇದು. ಕಿವಿ ಸಾಕು. ಗೇನ್ ಜಾಸ್ತಿಯಾದರೆ ನೇರ ಹಾರುವಾಗಲೇ ಮೋಟರ್ ಊಂ-ಊಂ ಅಂತ ಏರಿಳಿಯುತ್ತದೆ. ಕಡಿಮೆಯಾದರೆ, ಮೂತಿ ಮೇಲೆತ್ತಿದ ಕೂಡಲೇ ಸ್ವರ ಕುಗ್ಗಿ, ತಡವಾಗಿ ಎದ್ದು ಬರುತ್ತದೆ. ನಾನು ಊಂ-ಊಂ ಶುರುವಾಗುವ ತನಕ ಏರಿಸಿ, ಅಲ್ಲಿಂದ ಎರಡು ಮೆಟ್ಟಿಲು ಇಳಿಸಿದೆ. ಚೌಕದ ಲೂಪಿನ ನಾಲ್ಕೂ ಮೂಲೆಯಲ್ಲಿ ಸ್ವರ ಒಂದೇ ಆಯಿತು.

ಉಳಿದವು ಸಣ್ಣವು. ಸ್ಟಾರ್ಟ್ ನಿಧಾನ. ಬ್ರೇಕ್ ಇಲ್ಲ. ವೋಲ್ಟೇಜ್ ಇಳಿದಾಗ ದಿಢೀರ್ ಮೋಟರ್ ಕಡಿಯುವ ಸೆಟ್ಟಿಂಗ್ ಬೇಡವೇ ಬೇಡ, ಮೆಲ್ಲಗೆ ಬಲ ಇಳಿಸುವುದನ್ನೇ ಹಾಕಿ. ತಲೆಕೆಳಗಾಗಿ ಹಾರುವಾಗ ಮೋಟರ್ ನಿಂತರೆ ಏನು ಮಾಡುತ್ತೀರಿ? ಬ್ಯಾಟರಿ ಖಾಲಿಯಾಗುವ ಮೊದಲೇ ಟೈಮರ್ ನಿಲ್ಲಿಸಬೇಕು. ಪ್ರತಿ ಹಾರಾಟದ ನಂತರ ಚಾರ್ಜರ್ ಎಷ್ಟು ತುಂಬಿತು ಅಂತ ಬರೆದಿಡುತ್ತೇನೆ. ಈಗ ಸುಮಾರು 1,600 ಎಂಎಎಚ್ ಹೋಗುತ್ತಿದೆ, ಮುಕ್ಕಾಲು ಭಾಗ. ಶೇಕಡಾ 80 ದಾಟಬಾರದು. ಮೆನು ತಿದ್ದುವಾಗ ಪ್ರೊಪೆಲ್ಲರ್ ಬಿಚ್ಚಿಟ್ಟಿರಿ. ಮೈದಾನದ ಹತ್ತಿರ ಕರೆಂಟ್ ತಂತಿ ಇದ್ದರೆ ಅಲ್ಲಿ ಹಾರಿಸಲೇಬೇಡಿ, ನಿಮ್ಮ ಕೈಯಲ್ಲಿರುವುದೂ ಉಕ್ಕಿನ ತಂತಿಯೇ.

ಪುಣೆಯ ಗಾಳಿಯ ವಿಷಯ ಒಂದಿದೆ. ಈ ಊರು ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಮೇ ತಿಂಗಳ ಬಿಸಿಲು ಸೇರಿದರೆ ಗಾಳಿ ಇನ್ನೂ ತೆಳು. ವಿಚಿತ್ರ ಅಂದರೆ ಸ್ಟಾಪ್‌ವಾಚ್ ಇದನ್ನು ಹೇಳುವುದಿಲ್ಲ. ತಂತಿ ಸುಮಾರು 19 ಮೀಟರ್, ವಿಮಾನದ ಒಂದು ಸುತ್ತು 119 ಮೀಟರ್. 5.2 ಸೆಕೆಂಡಿಗೆ ಒಂದು ಸುತ್ತು ಅಂದರೆ ಗಂಟೆಗೆ 82 ಕಿಲೋಮೀಟರ್. ಮೇನಲ್ಲೂ ಅದೇ 5.2 ಬರುತ್ತದೆ. ಯಾಕೆಂದರೆ ತೆಳು ಗಾಳಿಯಲ್ಲಿ ಪ್ರೊಪೆಲ್ಲರಿನ ತಳ್ಳುವ ಬಲವೂ ಇಳಿಯುತ್ತದೆ, ವಿಮಾನಕ್ಕೆ ಇರುವ ತಡೆಯೂ ಅಷ್ಟೇ ಇಳಿಯುತ್ತದೆ. ಸೋಲುವುದು ರೆಕ್ಕೆ. ಮೂಲೆಯಲ್ಲಿ ಕಚ್ಚಿ ತಿರುಗುವ ಬದಲು ಜಾರುತ್ತದೆ. ಆಗ ಪ್ರೊಪೆಲ್ಲರಿನ ಸುತ್ತು 100, 150 ಏರಿಸುತ್ತೇನೆ. ಜೋರು ಗಾಳಿ ಬೀಸುವ ದಿನ ಮಾತ್ರ 100 ಇಳಿಸುತ್ತೇನೆ, ಲೂಪ್ ಮೇಲೆ ಲೂಪ್ ಹೊಡೆದಂತೆ ವೇಗ ತಾನಾಗಿ ಏರುತ್ತದಲ್ವಾ, ಅದಕ್ಕೆ.

ಅಕ್ಕನ ಮಗ ಈಗ 3 ಸೆಲ್‌ನ ತನ್ನದೇ ಸಣ್ಣ ವಿಮಾನ ಕಟ್ಟಿದ್ದಾನೆ. ಕಳೆದ ವಾರ ಟೆರೇಸಿಗೆ ಬಂದವನು ನನ್ನ ಕೈಯಿಂದ ಟಾರ್ಚ್ ಇಸಿದುಕೊಂಡು, ಮೋಟರಿನ ಮೇಲೆ ಪೆನ್ನಿನಿಂದ ಗುರುತು ಹಾಕಿ ಮ್ಯಾಗ್ನೆಟ್ ಎಣಿಸತೊಡಗಿದ. "ಹದ್ನಾಲ್ಕ್ ಅದಾವ ಮಾಮಾ" ಅಂದ. ಹಾರಿಸಿ ಇಳಿಸಿದ ಬ್ಯಾಟರಿಯನ್ನೂ ಜತೆಗೇ ತಂದಿದ್ದ.