ಮೂರನೇ ಸಲಕ್ಕೆ ಶಾಪು: ನಮ್ಮ ಕ್ಯಾಮೆರಾ ಬೇಟೆಯ ಅನುಭವ

‘ದೊಡ್ಡ 600 ಎಂಎಂ ಪ್ರೈಮ್ ಲೆನ್ಸ್ ಇಲ್ಲದೆ, ಪ್ರಾಣಿ ಹುಡುಕಿಕೊಡೋ ಟೂರಿನವರ ಸ್ಪಾಟರ್ ಇಲ್ಲದೆ ಶಾಪು ಹತ್ತಿರ ಹೋಗೋಕೆ ಆಗಲ್ಲ.’ ಶಾಪು ಅಂದರೆ ಲಡಾಖಿನ ಕಾಡುಕುರಿ. ಪುಣೆಯ ನಮ್ಮ ಬಳಗದಲ್ಲೇ ಹೀಗೆ ಹೇಳಿದವರು ಜಾಸ್ತಿ. ‘ಡಿಸೆಂಬರ್ ಚಳೀಲಿ ಲಡಾಖ್‌ಗೆ ಹೋಗಿ ಹಿಮಚಿರತೆ ಬಿಟ್ಟು ಕುರಿ ನೋಡ್ತೀರಾ?’ ಅಂತ ಕೇಳಿದವರೂ ಇದ್ದಾರೆ. ನಾವು ನಾಲ್ಕು ಜನ, ಇಬ್ಬರು ಧಾರವಾಡದವರು, ಒಬ್ಬ ಬೆಳಗಾವಿಯವನು, ನಾನು ಗದಗಿನವನು. 2024ರ ಡಿಸೆಂಬರ್‌ನಲ್ಲಿ ಬಾಡಿಗೆಯ ಸಾಧಾರಣ 200-600 ಜೂಮ್ ಲೆನ್ಸ್ ಇಟ್ಟುಕೊಂಡೇ ಸುಮಾರು ನಲವತ್ತು ಮೀಟರ್ ದೂರದಿಂದ ಶಾಪು ಟಗರಿನ ಫೋಟೋ ತೆಗೆದೆವು. ಅದು ಓಡಲಿಲ್ಲ. ನಮಗೆ ಎಲ್ಲಕ್ಕಿಂತ ದೊಡ್ಡದು ಅದೇ.

ಮೊದಲ ಪ್ರವಾಸ 2022ರಲ್ಲಿ. ತಲೆಗೆ ಐವತ್ತೈದು ಸಾವಿರದ ಹತ್ತಿರ ಖರ್ಚಾಯಿತು. ಒಬ್ಬ ಟೂರ್ ವ್ಯವಸ್ಥಾಪಕರಿಗೆ ಮುಂಗಡ ಕೊಟ್ಟಿದ್ದೆವು. ಅವರು ದಿನಾ ಬೆಳಿಗ್ಗೆ ಗಾಡಿಯಲ್ಲಿ ಕರೆದುಕೊಂಡು ಹೋಗಿ, ಕುರಿ ಕಂಡ ಕೂಡಲೇ ‘ಹತ್ತಿ, ಹತ್ತಿ’ ಅನ್ನುತ್ತಿದ್ದರು. ಕೆಳಗಿನಿಂದ ನೇರ ಹತ್ತುತ್ತಿದ್ದೆವು. ಐದು ದಿನದಲ್ಲಿ ನಮಗೆ ಸಿಕ್ಕಿದ್ದು ಬೆನ್ನು, ಬಾಲ, ಎದ್ದ ಧೂಳು. ಲಡಾಖಿನಲ್ಲೇ ಇರುವ ಇನ್ನೊಂದು ಕಾಡುಪ್ರಾಣಿ ನೀಲಿ ಕುರಿಯಾದರೆ (ಭರಲ್) ಹೆದರಿದಾಗ ಬಂಡೆಗೆ ಏರಿ ಅಲ್ಲೇ ನಿಂತು ನೋಡುತ್ತದೆ. ಶಾಪು ಹಾಗಲ್ಲ. ಅದು ಬೋಳು ಇಳಿಜಾರಿನ ಪ್ರಾಣಿ, ಓಡಿ ಗುಡ್ಡ ದಾಟಿಬಿಡುತ್ತದೆ. ಸಿಂಧೂ ಮತ್ತು ಶ್ಯೋಕ್ ಕಣಿವೆಗಳಲ್ಲಿ ದಾರಿಯ ಹತ್ತಿರವೇ ಇರುವುದರಿಂದ ಬ್ರಿಟಿಷರ ಕಾಲದಲ್ಲಿ ಕೋಡಿಗಾಗಿ ಇದನ್ನು ಹೊಡೆದು ಹೊಡೆದು ಮುಗಿಸುತ್ತ ಬಂದಿದ್ದರು. ಮನುಷ್ಯನನ್ನು ಅದು ನಂಬದಿರುವುದರಲ್ಲಿ ತಪ್ಪೇನಿದೆ?

ಸಿಕ್ಕ ಕೆಲವು ಫೋಟೋಗಳೂ ನೀರಿನಲ್ಲಿ ನೋಡಿದಂತೆ ಕಲೆಸಿದ್ದವು. ಲೆನ್ಸ್ ಕೆಟ್ಟಿದೆ ಅಂದುಕೊಂಡು ಬಾಡಿಗೆ ಕೊಟ್ಟವರ ಜೊತೆ ಜಗಳವೂ ಆಯಿತು. ಆಮೇಲೆ ತಿಳಿಯಿತು, ತಪ್ಪು ನಮ್ಮದೇ. ಹಿಮ ಮತ್ತು ಬಿಸಿಲು ಬಿದ್ದ ಕಲ್ಲು ಒಟ್ಟಿಗೆ ಇರುವ ಇಳಿಜಾರಿನಲ್ಲಿ ಹತ್ತು ಗಂಟೆಯ ಮೇಲೆ ಗಾಳಿ ಕುದಿಯುತ್ತದೆ. ಮುನ್ನೂರು ಮೀಟರ್ ದೂರಕ್ಕೆ ಯಾವ ಲೆನ್ಸ್ ಇದ್ದರೂ ಅಷ್ಟೇ. ಜೊತೆಗೆ ಬೆಚ್ಚಗಿನ ಗಾಡಿಯಿಂದ ಲೆನ್ಸ್ ತೆಗೆದ ಕೂಡಲೇ ಕ್ಲಿಕ್ ಮಾಡುತ್ತಿದ್ದೆವು, ಲೆನ್ಸಿನ ಮುಂದಿನ ಮರೆ, ಅಂದರೆ ಹುಡ್‌ನ ಒಳಗಿನ ಬಿಸಿ ಗಾಳಿಯೂ ಕೆಡಿಸುತ್ತದೆ. ಈಗ ಇಪ್ಪತ್ತು ನಿಮಿಷ ಹೊರಗಿಟ್ಟ ಮೇಲೆಯೇ ಮುಟ್ಟುತ್ತೇವೆ.

ಎರಡನೇ ಸಲ 2023ರ ಮೇ. ಲೇಹ್ ಸೇರಿದ ಮರುದಿನವೇ ಹೊರಟುಬಿಟ್ಟೆವು. ಬೆಳಗಾವಿಯ ಗೆಳೆಯನಿಗೆ ತಲೆನೋವು, ವಾಂತಿ. ಮೂರು ದಿನ ಲೇಹ್‌ನಲ್ಲೇ ಹೋಯಿತು, ನಲವತ್ತು ಸಾವಿರ ನೀರಿನಲ್ಲಿ ಹೋಮ. ಲೇಹ್‌ನ ಎತ್ತರವೇ 3500 ಮೀಟರ್. ಎರಡು ದಿನ ಸುಮ್ನೆ ಮಲಗಲೇಬೇಕು.

ದಾರಿ ತೋರಿಸಿದ್ದು ಲಡಾಖ್ ಅಲ್ಲ, ಪುಣೆ ಜಿಲ್ಲೆಯ ಸುಪೆ. ಮಯೂರೇಶ್ವರ ಅಭಯಾರಣ್ಯದ ಸುತ್ತಲಿನ ಹುಲ್ಲುಗಾವಲಿಗೆ ನಾವು ಚಿಂಕಾರ ಜಿಂಕೆ ನೋಡಲು ಹೋಗುತ್ತೇವೆ. ಅಲ್ಲಿ ಕುರಿ ಮೇಯಿಸುತ್ತಿದ್ದ ಧನಗರ ಅಜ್ಜರೊಬ್ಬರ ಪಕ್ಕ ಕೂತಿದ್ದೆ. ‘ಮಾಮಾ, ನಿಮ್ಮ ಕುರಿ ನನ್ನ ಹತ್ತಿರವೇ ಬರ್ತಿದೆಯಲ್ಲ, ಹೆದರಲ್ವಾ?’ ಅಂದೆ. ‘ನೀನು ಕೂತಿದ್ದೀಯಪ್ಪಾ, ಅದಕ್ಕೆ. ಕುರಿ ಎದುರು ಬರೋವನಿಗೆ ಹೆದರುತ್ತೆ, ಮೊದಲೇ ಕೂತವನಿಗಲ್ಲ’ ಅಂದರು. ತಮ್ಮ ಕಂಬಳಿಯಿಂದ ಒಂದು ಉಣ್ಣೆ ಎಳೆ ಕಿತ್ತು ಕೋಲಿನ ತುದಿಗೆ ಕಟ್ಟಿ ತೋರಿಸಿದರು. ನಮಗೆ ತಿಳಿಯದಷ್ಟು ಸಣ್ಣ ಗಾಳಿಗೂ ಅದು ತಿರುಗುತ್ತಿತ್ತು. ಆ ಎಳೆ ಇವತ್ತಿಗೂ ನನ್ನ ಟ್ರೈಪಾಡ್ ಮೇಲಿದೆ.

ಒಂದು ವರ್ಷ ಸುಪೆಯಲ್ಲಿ ಅಭ್ಯಾಸ ಮಾಡಿದೆವು. ಭಾನುವಾರ ಬುಡದ ಹಳ್ಳಿ ಅತ್ಕರವಾಡಿಯಿಂದ ಪುಣೆ ಹತ್ತಿರದ ಸಿಂಹಗಡ ಕೋಟೆಗೆ, ಬೆನ್ನಿಗೆ ಹನ್ನೆರಡು ಕಿಲೋ. ಮೇಲೆ ಹೋಗಿ ಪಿಠ್ಲ ಭಾಕರಿ ತಿಂದು ಇಳಿಯುವುದು. ಕೊನೆಕೊನೆಗೆ ಐವತ್ತು ನಿಮಿಷಕ್ಕೆ ಹತ್ತುತ್ತಿದ್ದೆವು.

ಮರೆಗೆ ಏನು ಹೊದೆಯಬೇಕು ಅಂತಲೂ ಪ್ರಯೋಗ ನಡೆಯಿತು. ಸಾವಿರದ ನಾನೂರು ಕೊಟ್ಟು ಕರಿ ಕಂಬಳಿ ತಂದೆ. ಬೆಚ್ಚಗೇನೋ ಇದೆ, ಆದರೆ ಒಣ ಹುಲ್ಲಿನ ಮೇಲೆ ಕರಡಿ ಕೂತಂತೆ ಎದ್ದು ಕಾಣುತ್ತದೆ. ಈಗ ಅದನ್ನು ಕೆಳಗೆ ಹಾಸುತ್ತೇನೆ. ಗೆದ್ದಿದ್ದು ಗೋಣಿಚೀಲ, ಒಂದಕ್ಕೆ ಮೂವತ್ತು ರೂಪಾಯಿ. ಬಿಚ್ಚಿ ಹೊಲಿದು, ಅಲ್ಲಿನ ಮಣ್ಣನ್ನೇ ಉಜ್ಜಿಕೊಂಡರೆ ಲಡಾಖಿನ ಗುಡ್ಡದ ಬಣ್ಣವೇ. ಹೊಲಿಯುವ ರೀತಿಯಲ್ಲಿ ಒಂದು ಗುಟ್ಟಿದೆ, ಅದು ನಮ್ಮ ನಾಲ್ವರಲ್ಲೇ ಇರಲಿ.

ಮೂರನೇ ಸಲ ಲೇಹ್‌ನ ಪಶ್ಚಿಮಕ್ಕಿರುವ ಶಾಮ್ ಪ್ರದೇಶ, ಲಿಕಿರ್ ಹಳ್ಳಿಯ ಕಡೆ. ಯಾವ ಗುಡ್ಡ ಅಂತ ಹೇಳುವುದಿಲ್ಲ. ನಾಳೆ ಅಲ್ಲಿ ಹತ್ತು ಗಾಡಿ ನಿಂತರೆ ಆ ಹಿಂಡಿನ ಗತಿ ಏನು? ಹೋಮ್‌ಸ್ಟೇ, ಗಾಡಿ, ವಿಮಾನ ಎಲ್ಲ ಸೇರಿ ತಲೆಗೆ ಮೂವತ್ತೆಂಟು ಸಾವಿರದ ಆಸುಪಾಸು.

ನಮ್ಮ ಕ್ರಮ ಇಷ್ಟು. ಬೆಳಿಗ್ಗೆ ಹತ್ತುವುದೇ ಇಲ್ಲ. ಬೆಳಗಿನ ತಣ್ಣನೆ ಗಾಳಿ ಮೇಲಿಂದ ಕೆಳಗೆ ಇಳಿಯುತ್ತದೆ. ಆಗ ಮೇಲೆ ಹೋಗಿ ಕೂತರೆ ನಮ್ಮ ವಾಸನೆಯನ್ನು ನಾವೇ ಕುರಿಯ ಮೂಗಿಗೆ ಕಳಿಸಿದಂತೆ. ರಸ್ತೆಯಿಂದಲೇ ದುರ್ಬೀನು ಹಾಕಿ ನೋಡುತ್ತೇವೆ. ಹನ್ನೊಂದರ ಹೊತ್ತಿಗೆ ಹಿಂಡು ಮಲಗಿ ಮೆಲುಕು ಹಾಕುತ್ತದೆ. ಅಷ್ಟರಲ್ಲಿ ಇಳಿಜಾರಿಗೆ ಬಿಸಿಲು ಬಿದ್ದು ಗಾಳಿ ಮೇಲ್ಮುಖ ಆಗಿರುತ್ತದೆ. ಆಗ ಗುಡ್ಡದ ಹಿಂಬದಿಯಿಂದ ಸುತ್ತು ಹಾಕಿ, ಒಂದೂವರೆ ಗಂಟೆ ನಿಧಾನಕ್ಕೆ ನಡೆದು, ಅವು ಮೇಯುತ್ತ ಬರಬಹುದಾದ ದಾರಿಯ ಮೇಲ್ಗಡೆ ಕೂರುತ್ತೇವೆ. ಆಮೇಲೆ ಹೊಂಚು ಅಷ್ಟೇ. ಒಂದು ಕುರಿ ತಲೆ ಎತ್ತಿ ನೋಡಿದರೂ ಎಲ್ಲರೂ ನಿಂತಲ್ಲೇ ಕಲ್ಲಾಗಬೇಕು. ಹಿಂಡು ನಮ್ಮಿಂದಾಗಿ ಎದ್ದರೆ ಆ ದಿನ ವಾಪಸ್. ಚಳಿಗಾಲದಲ್ಲಿ ಅವುಗಳ ಮೈಯ ಕೊಬ್ಬು ಓಡಿ ಕರಗುವುದಕ್ಕಲ್ಲ.

ಮೊದಲ ದಿನ ಕೆಟ್ಟಿದ್ದು ರೊಟ್ಟಿಯಿಂದ. ಗೆಳೆಯ ಮನೆಯಿಂದ ತಂದ ಕಡಕ್ ಜೋಳದ ರೊಟ್ಟಿ ಮುರಿದ. ಆ ನಿಶ್ಶಬ್ದದಲ್ಲಿ ‘ಟಪ್’ ಅಂದ ಒಂದೇ ಸದ್ದಿಗೆ ಹದಿನೈದೋ ಹದಿನಾರೋ ತಲೆ ಮೇಲೆದ್ದವು. ಎರಡನೇ ದಿನ ಗಾಳಿ ಮೋಸ ಮಾಡಿತು. ಮೂರನೇ ದಿನ ಬರೀ ಅಂಟಿನ ಉಂಡಿ. ಬ್ಯಾಟರಿಗಳು ಅಂಗಿಯ ಒಳಜೇಬಿನಲ್ಲಿ.

ಮೂರೂಕಾಲಕ್ಕೆ ಹಿಂಡು ಎದ್ದಿತು. ಹೆಣ್ಣುಗಳು ಮುಂದೆ, ಮೇಯುತ್ತ ನಮ್ಮ ಕಡೆಗೇ. ಹಿಂದೆ ದೊಡ್ಡ ಟಗರು, ಕತ್ತು ನೆಲಕ್ಕೆ ಸಮ ಚಾಚಿಕೊಂಡು ಒಂದು ಹೆಣ್ಣಿನ ಬೆನ್ನು ಹತ್ತಿತ್ತು. ಅದಕ್ಕೆ ಬೆದೆಯ ಕಾಲ, ಇದಕ್ಕಾಗಿಯೇ ನಾವು ಡಿಸೆಂಬರ್ ಹಿಡಿದದ್ದು. ಎದೆಯ ಕರಿ ಕೂದಲು ಗಾಳಿಗೆ ಒಂದು ಕಡೆ ಬಾಗಿತ್ತು. ಮೂಗಿನಿಂದ ಹಬೆ. ಕಣ್ಣಿನ ಅಡ್ಡ ಪಾಪೆ ಕೂಡ ವ್ಯೂಫೈಂಡರ್‌ನಲ್ಲಿ ಕಾಣಿಸಿತು. ನನ್ನ ಬೆರಳು ನಡುಗುತ್ತಿತ್ತು, ಚಳಿಗಲ್ಲ. ಹತ್ತು ಹನ್ನೆರಡು ನಿಮಿಷ ನಮ್ಮ ಮುಂದೆಯೇ ಇದ್ದು, ತಾವಾಗಿಯೇ ಪಕ್ಕದ ಕೊರಕಲಿಗೆ ಇಳಿದವು.

ರಾತ್ರಿ ಕ್ಯಾಮೆರಾವನ್ನು ಗಾಳಿಯಾಡದ ಚೀಲದಲ್ಲೇ ಇಟ್ಟು, ಅದು ಬೆಚ್ಚಗಾದ ಮೇಲೆ ಮನೆ ಬೆಚ್ಚಗಿಡುವ ಒಲೆ ಬುಖಾರಿಯ ಪಕ್ಕ ಕೂತು ತೆಗೆದೆವು. ಹೋಮ್‌ಸ್ಟೇ ಮನೆಯ ಅಮ್ಮ, ಅಲ್ಲಿಯವರ ಮಾತಿನಲ್ಲಿ ಅಮಾ-ಲೇ, ಫೋಟೋ ದೊಡ್ಡದು ಮಾಡಿಸಿ, ಕೋಡಿನ ಉಂಗುರಗಳನ್ನು ಬೆರಳಿಟ್ಟು ಎಣಿಸಿದರು. ವರ್ಷಕ್ಕೊಂದು ಉಂಗುರ. ಅವರ ಲೆಕ್ಕಕ್ಕೆ ಎಂಟು ಬಂತು, ನನ್ನದಕ್ಕೆ ಏಳು. ಬುಡದಲ್ಲಿ ಕೂದಲು ಮುಚ್ಚಿದ್ದ ಒಂದನ್ನು ನಾನು ಬಿಟ್ಟಿದ್ದೆ.