ಸ್ಪೋರ್ಟ್ಸ್ ಸೆಡಾನ್‌ಗೆ ಹೊಸ ಆಲ್-ಸೀಸನ್ ಟೈರ್: ಸೈಜ್ ಬದಲಿಸುವ ಮೊದಲು ಹಾಕಬೇಕಾದ ಲೆಕ್ಕ

ಟೈರ್ ಹುಡುಕಲು ಹೊರಡುವ ಮೊದಲು ಡ್ರೈವರ್ ಬಾಗಿಲು ತೆರೆದು ಪಕ್ಕದ ಕಂಬಕ್ಕೆ ಅಂಟಿಸಿದ ಸ್ಟಿಕ್ಕರ್ ಓದಿ. ಗಾಡಿಯಲ್ಲಿ ಈಗಿರುವ ಟೈರಿನ ಮೇಲಿನ ಬರಹವನ್ನು ನಂಬಬೇಡಿ, ಹಿಂದಿನ ಮಾಲೀಕರು ಬೇರೆ ಸೈಜ್ ಹಾಕಿಸಿರಬಹುದು. ಸ್ಟಿಕ್ಕರ್‌ನಲ್ಲಿರುವ ಸೈಜ್, ಲೋಡ್ ಇಂಡೆಕ್ಸ್ (ಒಂದು ಟೈರ್ ಹೊರಬಲ್ಲ ಭಾರದ ಸಂಕೇತ ಸಂಖ್ಯೆ), ಗಾಳಿಯ ಒತ್ತಡ ಮೂರನ್ನೂ ಬರೆದುಕೊಳ್ಳಿ. ಅದೇ ಮಾದರಿಗೆ ಕಂಪನಿ ಬೇರೆ ಅಳತೆಯ ಚಕ್ರಗಳನ್ನೂ ಕೊಟ್ಟಿದ್ದರೆ ಅವು ಮಾಲೀಕರ ಕೈಪಿಡಿಯಲ್ಲಿ ಇರುತ್ತವೆ. ಪರ್ಯಾಯ ಸೈಜ್ ಬೇಕೆಂದರೆ ಮೊದಲು ನೋಡಬೇಕಾದ್ದು ಆ ಪಟ್ಟಿಯನ್ನೇ.

ಹಳೆಯ ಟೈರ್ ಬಿಚ್ಚುವ ಮೊದಲು ಅಂಗೈಯನ್ನು ಟ್ರೆಡ್ (ನೆಲ ಮುಟ್ಟುವ ಭಾಗ) ಮೇಲೆ ಅಡ್ಡಡ್ಡಲಾಗಿ ಸವರಿ. ಒಂದು ಕಡೆಗೆ ಸವರಿದಾಗ ನುಣುಪಾಗಿದ್ದು, ವಾಪಸ್ ಎಳೆದಾಗ ಗರಗಸದ ಹಲ್ಲಿನಂತೆ ಚುಚ್ಚಿದರೆ ಟೋ, ಅಂದರೆ ಚಕ್ರ ನೇರದಿಂದ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಸರಿಯಿಲ್ಲ. ಒಳ ಅಂಚು ಮಾತ್ರ ಬೋಳಾಗಿದ್ದರೆ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಮತ್ತು ಟೋ ಎರಡನ್ನೂ ನೋಡಿಸಬೇಕು. ಸ್ಪೋರ್ಟ್ಸ್ ಸೆಡಾನ್‌ಗಳ ಹಿಂದಿನ ಚಕ್ರಗಳಲ್ಲಿ ಇದು ಹೆಚ್ಚು. ನಡುವೆ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ, ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ಇದನ್ನು ಸರಿಪಡಿಸದೆ ಎಷ್ಟೇ ಒಳ್ಳೆಯ ಟೈರ್ ಹಾಕಿದರೂ ಅದೂ ಹಾಗೆಯೇ ಸವೆಯುತ್ತದೆ.

ಈಗ ಸೈಜಿನ ಲೆಕ್ಕ. 225/45 ಆರ್17 91ವಿ ಎಂಬ ಟೈರನ್ನೇ ತೆಗೆದುಕೊಳ್ಳೋಣ. ಕೊನೆಯ 91 ಲೋಡ್ ಇಂಡೆಕ್ಸ್, ವಿ ಸ್ಪೀಡ್ ರೇಟಿಂಗ್. 225 ಎಂದರೆ ಮಿಲಿಮೀಟರಿನಲ್ಲಿ ಅಗಲ. ಅದರ 45 ಶೇಕಡಾ, ಅಂದರೆ 101.25 ಮಿ.ಮೀ., ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಎತ್ತರ. ಮೇಲೆ ಕೆಳಗೆ ಎರಡು ಸೈಡ್‌ವಾಲ್ ಸೇರಿ 202.5, ಅದಕ್ಕೆ 17 ಇಂಚಿನ ರಿಮ್ಮಿನ 431.8 ಕೂಡಿಸಿದರೆ ಒಟ್ಟು ವ್ಯಾಸ 634.3 ಮಿ.ಮೀ. ಹೊಸ ಸೈಜಿನ ವ್ಯಾಸ ಇದರಿಂದ 2 ಶೇಕಡಾಕ್ಕಿಂತ ಹೆಚ್ಚು ಆಚೀಚೆ ಹೋಗಬಾರದು ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ವ್ಯಾಸ ಹೆಚ್ಚಿದರೆ ಸ್ಪೀಡೋಮೀಟರ್ ತೋರಿಸುವುದಕ್ಕಿಂತ ಗಾಡಿ ತುಸು ವೇಗವಾಗಿ ಓಡುತ್ತದೆ, ಗೇರಿಂಗ್ ಉದ್ದವಾಗಿ ಎಳೆತ ಮಂದವಾಗುತ್ತದೆ, ಫೆಂಡರ್‌ಗೆ ಉಜ್ಜುವ ಭಯವೂ ಸೇರಿಕೊಳ್ಳುತ್ತದೆ.

ಈ ಲೆಕ್ಕದಲ್ಲಿ 235/45 ಆರ್17ರ ವ್ಯಾಸ 643.3, ಅಂದರೆ 1.4 ಶೇಕಡಾ ಹೆಚ್ಚು, ನಡೆಯುತ್ತದೆ. 245/40 ಆರ್17 ಒಂದು ಶೇಕಡಾ ಕಡಿಮೆ. ವ್ಯಾಸದ ಮಟ್ಟಿಗೆ ಸರಿ, ಆದರೆ ಅದಕ್ಕೆ ಕನಿಷ್ಠ 8 ಇಂಚು ಅಗಲದ ರಿಮ್ ಬೇಕು. 225/50 ಆರ್17 ಮಾತ್ರ 3.5 ಶೇಕಡಾ ದಾಟುತ್ತದೆ. ರಿಮ್ ಮೇಲೆ ಸರಾಗವಾಗಿ ಕೂತರೂ ಅದನ್ನು ಬಿಟ್ಟುಬಿಡಿ.

ಹೆಚ್ಚಿನವರು ಎಡವುವುದು ರಿಮ್ಮಿನ ಅಗಲದಲ್ಲಿ. 225/45 ಆರ್17 ಟೈರ್ 7ರಿಂದ 8.5 ಇಂಚಿನ ರಿಮ್‌ಗೆ ಹೊಂದುತ್ತದೆ. 235/45ಕ್ಕೆ 7.5ರಿಂದ 9 ಬೇಕು. ನಿಮ್ಮ ರಿಮ್ 7 ಇಂಚಿನದಾಗಿದ್ದರೆ 235ರ ಆಸೆ ಬಿಡಿ. ಸೈಡ್‌ವಾಲ್ ಒಳಕ್ಕೆ ಸೆಳೆದುಕೊಂಡು ಉಬ್ಬುತ್ತದೆ, ಸ್ಟಿಯರಿಂಗ್ ತಿರುಗಿಸಿದ ಮೇಲೆ ಗಾಡಿ ಒಂದು ಕ್ಷಣ ಯೋಚಿಸಿ ತಿರುಗಿದಂತೆ ಆಗುತ್ತದೆ. ಅಗಲ ಹೆಚ್ಚಿಸಿದ್ದೇ ವ್ಯರ್ಥ.

ರಿಮ್ ಹೊಂದಿದರೂ ಜಾಗ ಇದೆಯೇ ಎಂದು ನೋಡಬೇಕು. 10 ಮಿ.ಮೀ. ಅಗಲದ ಹೆಚ್ಚಳ ಒಳಗೆ 5, ಹೊರಗೆ 5 ಎಂದು ಹಂಚಿಹೋಗುತ್ತದೆ. ಟೈರಿಗೂ ಸ್ಟ್ರಟ್‌ಗೂ (ಚಕ್ರದ ಒಳಬದಿಯ ಸಸ್ಪೆನ್ಷನ್ ಕಂಬ) ನಡುವೆ ಜಾಗ ಅತಿ ಕಿರಿದಾಗಿರುವಲ್ಲಿ ಒಂದು ಉಂಡೆ ಮೆತ್ತನೆಯ ಜೇಡಿಮಣ್ಣು ಒತ್ತಿಟ್ಟು, ತೆಗೆದು, ಅದರ ದಪ್ಪ ಅಳೆಯಿರಿ. 10 ಮಿ.ಮೀ.ಗಿಂತ ಕಡಿಮೆ ಇದ್ದರೆ ಅಗಲದ ಟೈರ್ ಬೇಡ. ಒಂದೇ ಸೈಜಿನ ಟೈರುಗಳು ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಕೆಲವು ಮಿ.ಮೀ. ಬೇರೆಯಾಗುವುದರಿಂದ ಕಾಗದದ ಲೆಕ್ಕವೊಂದೇ ಸಾಲದು. ಮುಂದಿನ ಚಕ್ರಗಳನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ಫೆಂಡರ್ ಒಳಗಿನ ಲೈನರ್ ಹೊದಿಕೆಯ ಹತ್ತಿರವೂ ನೋಡಿ.

ಚಕ್ರವನ್ನೇ 18 ಇಂಚಿಗೆ ಏರಿಸುವವರು 225/40 ಆರ್18 ಹಾಕುತ್ತಾರೆ. ವ್ಯಾಸ 637.2, ಬಹುತೇಕ ಸಮ. ಆದರೆ ಇಲ್ಲೊಂದು ಬಲೆ ಇದೆ. ಈ ಸೈಜಿನ ಸಾಮಾನ್ಯ ಟೈರಿನ ಲೋಡ್ ಇಂಡೆಕ್ಸ್ 88, ಅಂದರೆ 560 ಕಿಲೋ. ನಿಮ್ಮ 91 ಹೊರುತ್ತಿದ್ದದ್ದು 615 ಕಿಲೋ. ಹಾಗಾಗಿ 92 ಎಕ್ಸ್‌ಎಲ್ (ಎಕ್ಸ್‌ಟ್ರಾ ಲೋಡ್, ಹೆಚ್ಚು ಭಾರ ಹೊರುವ ಬಗೆ) ಬೇಕು, ಅದರ ಮಿತಿ 630. ಆದರೆ ಎಕ್ಸ್‌ಎಲ್ ಟೈರ್ ಆ ಪೂರ್ತಿ ಭಾರ ಹೊರುವುದು 2.9 ಬಾರ್ ಗಾಳಿ ಇದ್ದಾಗ. ಸಾಮಾನ್ಯ ಟೈರಿಗೆ ಅದು 2.5 ಬಾರ್. ಹಳೆಯ ಒತ್ತಡವನ್ನೇ ಹಿಡಿಸಿದರೆ ಎಕ್ಸ್‌ಎಲ್ ಎಂಬ ಅಕ್ಷರಗಳಿಂದ ಪ್ರಯೋಜನವಿಲ್ಲ. 18 ಇಂಚಿಗೆ ಕಂಪನಿಯೇ ಕೊಟ್ಟ ಒತ್ತಡ ಇದ್ದರೆ ಅದನ್ನೇ ಹಿಡಿಸಿ. ಜೊತೆಗೆ ಸೈಡ್‌ವಾಲ್ 11 ಮಿ.ಮೀ. ಕುಗ್ಗಿದ್ದರಿಂದ ಗುಂಡಿಗೆ ಬಿದ್ದಾಗ ಏಟು ನೇರವಾಗಿ ರಿಮ್‌ಗೇ ತಟ್ಟುತ್ತದೆ. ರಸ್ತೆ ಕೆಟ್ಟದಾಗಿದ್ದರೆ ತದ್ವಿರುದ್ಧ ದಾರಿಯೇ ಜಾಣತನ: 205/55 ಆರ್16ರ ವ್ಯಾಸ 631.9, ಲೋಡ್ 91. ಬ್ರೇಕ್ ಕ್ಯಾಲಿಪರ್‌ಗೆ 16 ಇಂಚಿನ ರಿಮ್ ತಗುಲದೆ ಕೂತರೆ ಸಾಕು.

ಸ್ಪೀಡ್ ರೇಟಿಂಗಿನಲ್ಲಿ ಎಚ್ ಎಂದರೆ ಗಂಟೆಗೆ 210, ವಿ 240, ಡಬ್ಲ್ಯೂ 270 ಕಿ.ಮೀ. ಕಂಪನಿ ಕೊಟ್ಟದ್ದಕ್ಕಿಂತ ಕೆಳಗಿಳಿಯಬೇಡಿ.

ಆಲ್-ಸೀಸನ್ ಎಂಬ ಒಂದೇ ಹೆಸರಿನಡಿ ಎರಡು ಬಗೆ ಇವೆ. ಟೂರಿಂಗ್ ಬಗೆಯವು ಶಾಂತ, ದೀರ್ಘಾಯುಷಿ, ಆದರೆ ತಿರುವಿನಲ್ಲಿ ಟ್ರೆಡ್ ಬ್ಲಾಕುಗಳು ಬಾಗುತ್ತವೆ. ಸ್ಪೋರ್ಟ್ಸ್ ಸೆಡಾನ್‌ಗೆ ಅಲ್ಟ್ರಾ ಹೈ ಪರ್ಫಾರ್ಮೆನ್ಸ್ ಆಲ್-ಸೀಸನ್ ಎಂಬ ವರ್ಗವೇ ಹೊಂದುತ್ತದೆ. ಸ್ವಲ್ಪ ಬೇಗ ಸವೆದರೂ ಸ್ಟಿಯರಿಂಗಿನ ಜೀವ ಉಳಿಯುತ್ತದೆ. ಸೈಡ್‌ವಾಲ್ ಮೇಲಿನ ಎಂ+ಎಸ್ (ಕೆಸರು ಮತ್ತು ಹಿಮ) ಗುರುತು ಟ್ರೆಡ್ಡಿನ ವಿನ್ಯಾಸವನ್ನಷ್ಟೇ ಹೇಳುತ್ತದೆ. ಹಿಮದಲ್ಲಿ ಪರೀಕ್ಷೆ ಪಾಸಾದದ್ದು ಬೇಕಿದ್ದರೆ ಮೂರು ಶಿಖರದ ಪರ್ವತದೊಳಗೆ ಹಿಮದ ಹರಳಿರುವ ಗುರುತು ಹುಡುಕಿ. ಸವೆತ ತಾಳಿಕೆಯನ್ನು ಸೂಚಿಸುವ ಟ್ರೆಡ್‌ವೇರ್ ಸಂಖ್ಯೆಯನ್ನು ತಯಾರಕರೇ ಕೊಟ್ಟುಕೊಳ್ಳುವುದರಿಂದ ಒಂದೇ ಬ್ರ್ಯಾಂಡಿನೊಳಗೆ ಮಾತ್ರ ಹೋಲಿಸಿ. ಟ್ರ್ಯಾಕ್ಷನ್ ಎಎ ಎಂಬುದು ಒದ್ದೆ ನೆಲದಲ್ಲಿ ನೇರವಾಗಿ ಬ್ರೇಕ್ ಹಾಕಿದಾಗಿನ ಹಿಡಿತ. ತಿರುವಿನ ಬಗ್ಗೆ ಅದು ಏನೂ ಹೇಳುವುದಿಲ್ಲ.

ನಾಲ್ಕನ್ನೂ ಒಟ್ಟಿಗೆ, ಒಂದೇ ಮಾದರಿಯವನ್ನೇ ಕೊಳ್ಳಿ. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಗಾಡಿಗಳಲ್ಲಿ ವ್ಯಾಸದ ಸಣ್ಣ ವ್ಯತ್ಯಾಸವೂ ಡಿಫರೆನ್ಷಿಯಲ್ಲನ್ನು (ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ಸತತವಾಗಿ ದುಡಿಸಿ ಬಿಸಿಮಾಡುತ್ತದೆ. ಸೈಡ್‌ವಾಲ್ ಮೇಲೆ ಡಾಟ್ (DOT) ಅಕ್ಷರಗಳಿಂದ ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿ ನೋಡಿ: 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಈ ನಾಲ್ಕಂಕಿ ಒಂದೇ ಬದಿಯಲ್ಲಿರುವುದುಂಟು, ಒಳಬದಿಯನ್ನೂ ತಿರುಗಿಸಿ ನೋಡಿ.

ಜೋಡಿಸುವಾಗ ಔಟ್‌ಸೈಡ್ ಎಂದು ಬರೆದ ಬದಿ ಹೊರಗಿರಬೇಕು, ರೊಟೇಷನ್ ಬಾಣ ಗಾಡಿ ಮುಂದೆ ಉರುಳುವ ದಿಕ್ಕಿಗೆ ಇರಬೇಕು. ಹಬ್ಬಿನ ತುಕ್ಕನ್ನು ವೈರ್ ಬ್ರಷ್‌ನಿಂದ ಉಜ್ಜಿಸಿ. ಅಲ್ಲಿ ಉಳಿದ ಚೂರು ತುಕ್ಕು ಎಷ್ಟು ಬ್ಯಾಲೆನ್ಸ್ ಮಾಡಿಸಿದರೂ ಹೋಗದ ನಡುಕ ತರುತ್ತದೆ. ನಂತರ ಅಲೈನ್‌ಮೆಂಟ್ ಮಾಡಿಸಿ, ಒತ್ತಡ ಎಚ್ಚರಿಸುವ ವ್ಯವಸ್ಥೆಯನ್ನು ರೀಸೆಟ್ ಮಾಡಿ. ಮೊದಲ 300 ಕಿ.ಮೀ. ಮೆತ್ತಗೆ ಓಡಿಸಿ, ಅಚ್ಚಿನಿಂದ ಬಂದ ಜಾರು ಪದರ ಅಷ್ಟರಲ್ಲಿ ಸವೆದುಹೋಗುತ್ತದೆ. 100 ಕಿ.ಮೀ. ಮುಗಿಯುವ ಹೊತ್ತಿಗೆ ನಟ್ಟುಗಳನ್ನು ಕೈಪಿಡಿಯಲ್ಲಿರುವ ಬಿಗಿಗೆ ಟಾರ್ಕ್ ರೆಂಚ್ ಹಾಕಿ ಮತ್ತೊಮ್ಮೆ ನೋಡಿ.