ಸಿಸ್ಟ್ ಅಂಚಿನ ಬಿಳಿ ಗೆರೆ

ಟೇಬಲ್ ಮೇಲೆ ಮಲಗಿದ್ದವರು ಅರವತ್ತು ದಾಟಿದ ಮೇಷ್ಟ್ರು. ಎಡ ಕಿಡ್ನಿಯಲ್ಲಿ ಸುಮಾರು 3 ಸೆಂಟಿಮೀಟರ್‌ನ ಸಿಸ್ಟ್, ಅಂದರೆ ನೀರು ತುಂಬಿದ ಚೀಲ. ಅಲ್ಟ್ರಾಸೌಂಡ್‌ನಲ್ಲಿ ಒಳಗಿನ ನೀರು ತಿಳಿಯಾಗಿ ಕಾಣಲಿಲ್ಲ ಅಂತ ಎಂಆರ್‌ಐಗೆ ಕಳಿಸಿದ್ದರು. ನಾನು ಎಂಆರ್‌ಐ ಟೆಕ್ನಿಷಿಯನ್. ಕಿಡ್ನಿ ಸ್ಕ್ಯಾನ್ ಮಾಡಿ ಮಾಡಿ ಕೈ ಪಳಗಿತ್ತು. ಇದು ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ.

ಸಾಮಾನ್ಯ ಸಿಸ್ಟ್ ಅಂದರೆ ಬರೀ ನೀರು. ಟಿ1, ಟಿ2 ಅಂದರೆ ಎಂಆರ್‌ಐನ ಎರಡು ಬಗೆಯ ಚಿತ್ರ. ನೀರು ಟಿ2ರಲ್ಲಿ ಬೆಳ್ಳಗೆ, ಟಿ1ರಲ್ಲಿ ಕಪ್ಪಗೆ. ಇವರದು ಕಾಂಟ್ರಾಸ್ಟ್ (ರಕ್ತನಾಳಕ್ಕೆ ಕೊಡುವ, ಚಿತ್ರದಲ್ಲಿ ಬೆಳ್ಳಗೆ ಕಾಣಿಸುವ ಔಷಧಿ, ಇಲ್ಲಿ ಗೆಡೊಲಿನಿಯಂ) ಕೊಡುವ ಮುಂಚೆಯೇ ಟಿ1ರಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು. ಒಳಗೆ ಹಳೆಯ ರಕ್ತವೋ ಪ್ರೋಟೀನೋ ಇದ್ದರೆ ಹೀಗಾಗುತ್ತದೆ. ತೊಂದರೆ ಏನೆಂದರೆ, ಮೊದಲೇ ಬೆಳ್ಳಗಿರುವುದು ಗೆಡೊಲಿನಿಯಂ ಕೊಟ್ಟ ಮೇಲೆ ಇನ್ನಷ್ಟು ಬೆಳ್ಳಗಾಯಿತಾ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಸಬ್‌ಟ್ರಾಕ್ಷನ್. ಕಾಂಟ್ರಾಸ್ಟ್ ನಂತರದ ಚಿತ್ರದಿಂದ ಮುಂಚಿನದನ್ನು ಕಳೆಯುತ್ತೇವೆ. ಉಳಿದ ಬಿಳುಪು ಕಾಂಟ್ರಾಸ್ಟ್‌ನದು. ಕನಿಷ್ಠ, ಹಾಗಂತ ನಂಬಿಕೆ.

ಹೀಗೆ ಕಳೆದು ಸಿಕ್ಕ ಚಿತ್ರದಲ್ಲಿ ಸಿಸ್ಟ್‌ನ ಕೆಳ ಅಂಚಿನಲ್ಲಿ ಬಿದಿಗೆ ಚಂದ್ರನ ಹಾಗೆ ಒಂದು ಬಿಳಿ ಗೆರೆ. ಸಿಸ್ಟ್ ಗೋಡೆ ದಪ್ಪಗಿದ್ದು ಕಾಂಟ್ರಾಸ್ಟ್ ಹೀರಿದರೆ ಕ್ಯಾನ್ಸರ್ ಅನುಮಾನ ಬರುತ್ತದೆ. ನನಗೆ ಎದೆ ಧಸಕ್ ಅಂದಿತು. ರೇಡಿಯಾಲಜಿಸ್ಟ್ ಮೇಡಂ ಬಂದು ನೋಡಿ ಕೇಳಿದ್ದು ಒಂದೇ ಮಾತು: "ಮೇಲಿನ ಅಂಚು ನೋಡಿದ್ರಾ?"

ಅಲ್ಲಿ ಅಷ್ಟೇ ದಪ್ಪದ ಕಪ್ಪು ಗೆರೆ ಇತ್ತು! ಒಂದು ಕಡೆ ಬಿಳಿ, ಎದುರು ಕಡೆ ಕಪ್ಪು. ಬಲ ಕಿಡ್ನಿಯ ಅಂಚಲ್ಲೂ ಅದೇ ಜೋಡಿ. ಬೆನ್ನುಮೂಳೆ ಮಾತ್ರ ಕ್ಲೀನ್, ಯಾಕೆಂದರೆ ಉಸಿರಾಡಿದರೆ ಬೆನ್ನುಮೂಳೆ ಮೇಲೆ ಕೆಳಗೆ ಹೋಗುವುದಿಲ್ಲ. ಎರಡೂ ಚಿತ್ರ ಒಂದರ ಮೇಲೊಂದು ಇಟ್ಟು ನೋಡಿದೆ. ಕಿಡ್ನಿ 4–5 ಮಿಲಿಮೀಟರ್ ಕೆಳಗೆ ಜಾರಿತ್ತು. ಗೋಡೆಯೂ ಅಲ್ಲ, ಗಡ್ಡೆಯೂ ಅಲ್ಲ, ಉಸಿರು.

ತಪ್ಪು ನನ್ನದೇ. "ಉಸಿರು ಎಳ್ಕೊಳ್ಳಿ, ಹಾಗೇ ಹಿಡ್ಕೊಳ್ಳಿ" ಅಂತ ಹೇಳುವುದು ನನ್ನ ಅಭ್ಯಾಸ. ಒಳಗೆ ಎಳೆಯುವ ಉಸಿರು ಪ್ರತಿ ಸಲ ಒಂದೊಂದು ಅಳತೆ. ಮೊದಲ ಸಲ ಮೇಷ್ಟ್ರು ಹಿತವಾಗಿ ಎಳೆದಿದ್ದರು. ಕೈಗೆ ಕಾಂಟ್ರಾಸ್ಟ್ ಹೋದ ಮೇಲೆ ಗಾಬರಿಯಲ್ಲಿ ಎದೆ ತುಂಬ ಎಳೆದರು. ಆರಾಮಾಗಿ ಉಸಿರು ಬಿಟ್ಟು ನಿಲ್ಲಿಸಿದರೆ ಕಿಡ್ನಿ ಪ್ರತಿ ಸಲ ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಇದನ್ನು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು, ನಾನೇ ಮರೆತಿದ್ದೆ. ಉಸಿರು ಬಿಟ್ಟು ಹಿಡಿಯುವುದು ಜನಕ್ಕೆ ಕಷ್ಟ, ಎಳೆದು ಹಿಡಿಯುವುದು ಸುಲಭ. ಆ ಸುಲಭಕ್ಕೆ ಬಿದ್ದಿದ್ದೆ.

ಕಾಂಟ್ರಾಸ್ಟ್ ಕೊಟ್ಟಾಗಿದೆ, ಮುಂಚಿನ ಚಿತ್ರ ಮತ್ತೆ ತೆಗೆಯಲು ಆಗುವುದಿಲ್ಲ. ಆದರೆ ನಂತರದ ಚಿತ್ರಗಳು ಒಂದಲ್ಲ, ಬೇರೆ ಬೇರೆ ಸಮಯದಲ್ಲಿ ತೆಗೆದವು ಮೂರ್ನಾಲ್ಕು ಇದ್ದವು. ಒಂದೊಂದನ್ನೇ ಹೊಂದಿಸಿ ನೋಡಿದೆ. 3 ನಿಮಿಷದ ಚಿತ್ರದಲ್ಲಿ ಕಿಡ್ನಿ ಮೊದಲಿನ ಜಾಗದಲ್ಲೇ ಇತ್ತು, ಪುಣ್ಯ. ಅದರಿಂದ ಕಳೆದಾಗ ಸಿಸ್ಟ್ ಪೂರ್ತಿ ಕಪ್ಪು. ಅಂಚೂ ಕಪ್ಪು. ಮೇಡಂ ಕಳೆಯುವ ಮುಂಚಿನ ಚಿತ್ರಗಳಲ್ಲೂ ಸಿಗ್ನಲ್, ಅಂದರೆ ಬಿಳುಪಿನ ಮಟ್ಟ, ಅಳೆದರು. 15 ಶೇಕಡಾ ಏರಿದರೆ ಕಾಂಟ್ರಾಸ್ಟ್ ಹೀರಿದೆ ಅನ್ನುವುದು ಎಂಆರ್‌ಐನಲ್ಲಿ ಬಳಕೆಯಲ್ಲಿರುವ ಗಡಿ. ಇಲ್ಲಿ ಅದರ ಹತ್ತಿರಕ್ಕೂ ಬರಲಿಲ್ಲ. ಕಿಡ್ನಿ ಸಿಸ್ಟ್‌ಗಳನ್ನು ಕ್ಯಾನ್ಸರ್ ಅನುಮಾನದ ಪ್ರಕಾರ ವಿಂಗಡಿಸುವ ಬಾಸ್ನಿಯಾಕ್ ಪಟ್ಟಿಯಲ್ಲಿ 2, ಅಂದರೆ ಅಪಾಯವಿಲ್ಲದ್ದು, ಅಂತ ರಿಪೋರ್ಟ್ ಆಯಿತು. 1986ರಲ್ಲಿ ಬಂದ ಆ ವರ್ಗೀಕರಣ ಸಿಟಿ ಸ್ಕ್ಯಾನ್ ನೋಡಿ ಮಾಡಿದ್ದು. 2019ರ ಪರಿಷ್ಕರಣೆಯಲ್ಲಿ ಎಂಆರ್‌ಐಗೂ ಜಾಗ ಸಿಕ್ಕಿತು.

ಆಮೇಲಿಂದ ಕಾಂಟ್ರಾಸ್ಟ್‌ಗೆ ಮುಂಚೆ ಎರಡು ಸಲ ಉಸಿರಿನ ರಿಹರ್ಸಲ್ ಮಾಡಿಸುತ್ತೇನೆ. "ಎಳ್ಕೊಳ್ಳಿ, ಬಿಡಿ, ನಿಲ್ಲಿಸಿ." ಪ್ರತಿ ಸಲ ಅದೇ ಮಾತು, ಅದೇ ವೇಗ. 15 ಸೆಕೆಂಡ್ ಉಸಿರು ಹಿಡಿಯಲು ಆಗದವರಿಗೆ ರೆಸಲ್ಯೂಷನ್ ಸ್ವಲ್ಪ ಬಿಟ್ಟುಕೊಟ್ಟು ಸಮಯ ಕಡಿಮೆ ಮಾಡುತ್ತೇನೆ. ಇನ್ನೊಂದು: ಕಾಂಟ್ರಾಸ್ಟ್‌ನ ಮುಂಚೆ ಮತ್ತು ನಂತರ ಯಂತ್ರ ಸಿಗ್ನಲ್ ಮಟ್ಟವನ್ನು ತಾನೇ ಮತ್ತೆ ಹೊಂದಿಸಿಕೊಳ್ಳಲು ಬಿಡಬಾರದು. ಬಿಟ್ಟರೆ ಕಳೆಯುವ ಲೆಕ್ಕಕ್ಕೇ ಅರ್ಥ ಇರುವುದಿಲ್ಲ. ಚಿತ್ರ ನೋಡಿದರೆ ಈ ತಪ್ಪು ಗೊತ್ತೇ ಆಗುವುದಿಲ್ಲ, ಅದಕ್ಕೇ ಇದರ ಮೇಲೆ ನನಗೆ ಭಯ ಜಾಸ್ತಿ.

ಅಡ್ಡ ಸ್ಲೈಸ್‌ಗಳಲ್ಲಿ ಮೋಸ ಇನ್ನೂ ನಾಜೂಕು. ಕಿಡ್ನಿ ಮೇಲೆ ಕೆಳಗೆ ಜಾರಿದರೆ ಒಂದು ಸ್ಲೈಸ್‌ನ ಜಾಗದಲ್ಲಿ ಪಕ್ಕದ ಸ್ಲೈಸ್ ಬಂದು ಕೂತಿರುತ್ತದೆ. ಜೋಡಿ ಗೆರೆಯ ಬದಲು ಸುತ್ತಲೂ ಬಳೆ ಹಾಗೆ ಬಿಳುಪು ಕಾಣುತ್ತದೆ, ನಿಜವಾದ ದಪ್ಪ ಗೋಡೆಯ ಥರಾನೇ. ಆಗ ಉದ್ದ ಸ್ಲೈಸ್, ಅಂದರೆ ಕೊರೋನಲ್, ನೋಡದೆ ನಾನು ಏನೂ ಹೇಳುವುದಿಲ್ಲ.

ಒಂದು ಕಡೆ ಕಪ್ಪು, ಎದುರು ಕಡೆ ಬಿಳಿ ಬರುವ ಇನ್ನೊಂದು ಕಳ್ಳ ಕೆಮಿಕಲ್ ಶಿಫ್ಟ್, ಅಂದರೆ ಕೊಬ್ಬು ಚಿತ್ರದಲ್ಲಿ ತನ್ನ ಜಾಗ ಬಿಟ್ಟು ಸರಿದು ಕಾಣುವುದು. ಇದಕ್ಕೆ ಕಾಂಟ್ರಾಸ್ಟೂ ಬೇಡ, ಉಸಿರೂ ಬೇಡ. ಕಿಡ್ನಿ ಸುತ್ತ ಕೊಬ್ಬು ಇರುತ್ತದೆ ಅಲ್ವಾ, 1.5 ಟೆಸ್ಲಾ ಶಕ್ತಿಯ ಯಂತ್ರದಲ್ಲಿ ಕೊಬ್ಬು ಮತ್ತು ನೀರಿನ ಕಂಪನದಲ್ಲಿ ಸುಮಾರು 220 ಹರ್ಟ್ಸ್ ವ್ಯತ್ಯಾಸ. ಯಂತ್ರ ಜಾಗ ಗುರುತಿಸುವುದು ಕಂಪನ ನೋಡಿಯೇ. ಒಂದು ಪಿಕ್ಸೆಲ್‌ಗೆ 110 ಹರ್ಟ್ಸ್ ಬ್ಯಾಂಡ್‌ವಿಡ್ತ್ ಇಟ್ಟರೆ ಕೊಬ್ಬು ಎರಡು ಪಿಕ್ಸೆಲ್ ಪಕ್ಕಕ್ಕೆ ಸರಿದು ಕೂರುತ್ತದೆ. 3 ಟೆಸ್ಲಾದಲ್ಲಿ ಇದರ ದುಪ್ಪಟ್ಟು. ಚಿತ್ರದ ಎರಡು ಅಕ್ಷಗಳಾದ ಫ್ರೀಕ್ವೆನ್ಸಿ ಮತ್ತು ಫೇಸ್ ದಿಕ್ಕು ಅದಲು ಬದಲು ಮಾಡಿ ಮತ್ತೆ ತೆಗೆಯಿರಿ. ಗೆರೆ ಜಾಗ ಬದಲಿಸಿದರೆ ಅದು ಗೋಡೆ ಅಲ್ಲ. ಬ್ಯಾಂಡ್‌ವಿಡ್ತ್ ಹೆಚ್ಚಿಸಿದರೂ ಸಣ್ಣದಾಗುತ್ತದೆ, ಆದರೆ ಚಿತ್ರದಲ್ಲಿ ನಾಯ್ಸ್ ಏರುತ್ತದೆ.

ಔಟ್ ಆಫ್ ಫೇಸ್, ಅಂದರೆ ಕೊಬ್ಬು ಮತ್ತು ನೀರಿನ ಸಿಗ್ನಲ್ ಒಂದನ್ನೊಂದು ಅಳಿಸುವ ಕ್ಷಣದಲ್ಲಿ ತೆಗೆದ ಚಿತ್ರದಲ್ಲಿ, ಇವೆರಡೂ ಸೇರುವ ಕಡೆಯೆಲ್ಲಾ ಪೆನ್ನಲ್ಲಿ ಬರೆದ ಹಾಗೆ ಕಪ್ಪು ಗೆರೆ ಬರುತ್ತದೆ. ಇದು ಮಾತ್ರ ನನಗೆ ಇಷ್ಟ. ಸಿಸ್ಟ್‌ನ ಹೊರ ಅಂಚಲ್ಲಿ ಬಂದರೆ ಸಹಜ. ಕಿಡ್ನಿ ಮತ್ತು ಗಂಟಿನ ನಡುವೆಯೇ ಬಂದರೆ ಗಂಟಿನೊಳಗೆ ಕೊಬ್ಬಿರಬಹುದು ಅಂತ ಸುಳಿವು. ಆರ್ಟಿಫ್ಯಾಕ್ಟ್ (ಸ್ಕ್ಯಾನ್‌ನಲ್ಲಿ ಹುಟ್ಟುವ ಸುಳ್ಳು ಗುರುತು) ಕೂಡ ಒಮ್ಮೊಮ್ಮೆ ಕೆಲಸಕ್ಕೆ ಬರುತ್ತದೆ.

ಸಿಸ್ಟ್ ಒಳಗೆ ಅಂಚಿಗೆ ಸಮಾನಾಂತರವಾಗಿ ತೆಳ್ಳನೆ ಗೆರೆಗಳು ಕಂಡು, ಒಳಗೆ ಹೋದಂತೆ ಮಸುಕಾದರೆ ಅದು ಪೊರೆ ಅಲ್ಲ, ಗಿಬ್ಸ್ ಅನ್ನುವ ಆರ್ಟಿಫ್ಯಾಕ್ಟ್. ಮ್ಯಾಟ್ರಿಕ್ಸ್, ಅಂದರೆ ಪಿಕ್ಸೆಲ್‌ಗಳ ಸಂಖ್ಯೆ, ಹೆಚ್ಚಿಸಿದರೆ ಗೆರೆಗಳು ಒತ್ತೊತ್ತಾಗಿ ಅಂಚಿಗೆ ಸರಿಯುತ್ತವೆ. ನಿಜವಾದ ಪೊರೆ ಇದ್ದಲ್ಲೇ ಇರುತ್ತದೆ. ಕರುಳಿನ ಗ್ಯಾಸ್ ಪಕ್ಕದಲ್ಲಿದ್ದರೆ ಡಿಫ್ಯೂಷನ್ ಚಿತ್ರ (ನೀರಿನ ಅಣುಗಳ ಓಡಾಟ ತೋರಿಸುವುದು) ಸೊಟ್ಟಗಾಗುತ್ತದೆ. ಅದರ ಜೊತೆ ಗುದ್ದಾಡುವುದನ್ನು ನಾನು ಬಿಟ್ಟಿದ್ದೇನೆ.

ಈಗ ಎರಡು ಚಿತ್ರಗಳ ಉಸಿರು ಹೊಂದದಿದ್ದರೆ ಶೀಟ್‌ನಲ್ಲಿ ಬರೆದೇ ಕಳಿಸುತ್ತೇನೆ. ಕಳೆದು ಸಿಕ್ಕ ಚಿತ್ರ ಒಂದನ್ನೇ ಎಂದೂ ಕಳಿಸುವುದಿಲ್ಲ, ಅದರ ಪಕ್ಕದಲ್ಲಿ ಮೂಲದ ಎರಡೂ ಇರುತ್ತವೆ.